ಮಾಡಿದವರು ಯಾರು ಅಂತ ಮೊದಲು ಹೇಳಿ

ಪ್ರಶ್ನೆ: ನಾನು ಕುಡಿಯುವ ನೀರಿನ ವಿಭಾಗದಲ್ಲಿ ಜೂನಿಯರ್ ಎಂಜಿನಿಯರ್. ನನ್ನ ಇಂಗ್ಲಿಷ್ ವರದಿಗಳಲ್ಲಿ ವ್ಯಾಕರಣದ ತಪ್ಪು ಇರುವುದಿಲ್ಲ. ಆದರೂ ಪ್ರತಿ ಸಲ ಮೇಲಿನ ಅಧಿಕಾರಿ ಫೋನ್ ಮಾಡಿ "ಈಗ ಏನಾಗಬೇಕು, ಬಾಯಲ್ಲಿ ಹೇಳಮ್ಮ" ಅನ್ನುತ್ತಾರೆ. ಸೋಮವಾರ ಪಂಪ್ ಹೌಸ್ ನೋಡಿ ಬಂದು ಬರೆದ ವಾಕ್ಯವೊಂದನ್ನು ಕಳಿಸಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ?
— ಓದುಗರು, ಚಿತ್ರದುರ್ಗ

ಉತ್ತರ: ನೀವು ಕಳಿಸಿದ ವಾಕ್ಯವನ್ನು ಎಲ್ಲರೂ ನೋಡಲಿ, ಯಾಕೆಂದರೆ ಇಂಥದ್ದನ್ನು ನಮ್ಮಲ್ಲಿ ಸಾವಿರಾರು ಜನ ದಿನಾ ಬರೆಯುತ್ತಾರೆ:

"ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್, ಆ್ಯನ್ ಇನ್‌ಸ್ಪೆಕ್ಷನ್ ಆಫ್ ದಿ ಪಂಪ್ ಹೌಸ್ ವಾಸ್ ಕ್ಯಾರೀಡ್ ಔಟ್ ಅಂಡ್ ಡ್ಯೂ ಟು ದಿ ನಾನ್-ಫಂಕ್ಷನಿಂಗ್ ಆಫ್ ದಿ ಸೆಕೆಂಡ್ ಮೋಟರ್, ಫೇಲ್ಯೂರ್ ಆಫ್ ವಾಟರ್ ಸಪ್ಲೈ ಟು ದಿ ಓವರ್‌ಹೆಡ್ ಟ್ಯಾಂಕ್ ವಾಸ್ ಅಬ್ಸರ್ವ್ಡ್ ಅಂಡ್ ದಿ ಸೇಮ್ ಮೇ ಕೈಂಡ್ಲಿ ಬಿ ರೀಪ್ಲೇಸ್ಡ್."

ವ್ಯಾಕರಣ ಸರಿ ಇದೆ. ಆದರೆ ಪಂಪ್ ಹೌಸಿಗೆ ಹೋದವರು ಯಾರು? ವಾಕ್ಯದಲ್ಲಿ ಅವರಿಲ್ಲ. ಇನ್ನೊಂದು, ಬದಲಾಯಿಸಬೇಕಾದ್ದು ಏನು? "ದಿ ಸೇಮ್" ಅಂದರೆ ಮೋಟರೋ, ಟ್ಯಾಂಕೋ? ಅದಕ್ಕೆ ತೀರಾ ಹತ್ತಿರ ಇರುವುದು ಟ್ಯಾಂಕ್. ನಿಮ್ಮ ಅಧಿಕಾರಿ ಫೋನ್ ಮಾಡುವುದು ಸುಮ್ನೆ ಅಲ್ಲ.

ಹೀಗಾಗಲು ಕಾರಣ ಇದೆ. ಕನ್ನಡದಲ್ಲಿ "ನೋಡಿದೆವು" ಅಂದರೆ ಸಾಕು. ನೋಡಿದವರು ಯಾರು ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ. "ನಾವು" ಅಂತ ಬೇರೆ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಆ ಸೌಕರ್ಯ ಇಲ್ಲ. "ವಿ" ಬಿಟ್ಟರೆ ವಾಕ್ಯ ನಿಲ್ಲುವುದಿಲ್ಲ. ಜೊತೆಗೆ, ಕಚೇರಿ ಪತ್ರದಲ್ಲಿ ನಾನು, ನಾವು ಅಂತ ಬರೆಯಲು ನಮಗೆ ಸಂಕೋಚ. ಅದಕ್ಕೇ "ಇನ್‌ಸ್ಪೆಕ್ಷನ್ ವಾಸ್ ಕ್ಯಾರೀಡ್ ಔಟ್" ಅಂತ ಸುತ್ತಿ ಬಳಸಿ ಹೇಳುತ್ತೇವೆ. ಮಾಡಿದ ಕೆಲಸ ನಾಮಪದವಾಗಿ ಕೂತುಬಿಡುತ್ತದೆ, ಅದನ್ನು ಎತ್ತಿ ನಿಲ್ಲಿಸಲು "ಕ್ಯಾರೀಡ್ ಔಟ್", "ಅಬ್ಸರ್ವ್ಡ್" ಎಂಬ ಸಪ್ಪೆ ಕ್ರಿಯಾಪದ ಬೇಕಾಗುತ್ತದೆ.

ಮುಂದಿನ ಸಲ ಬರೆದಾದ ಮೇಲೆ ಒಂದು ಪೆನ್ಸಿಲ್ ಹಿಡಿಯಿರಿ. "-ಷನ್", "-ಮೆಂಟ್", "-ಯೂರ್", "-ಇಂಗ್ ಆಫ್" ಅಂತ ಮುಗಿಯುವ ಪದಗಳಿಗೆ ಗೆರೆ ಎಳೆಯಿರಿ. ಒಂದೊಂದನ್ನೂ ಕೇಳಿ: ಇದರೊಳಗೆ ಯಾವ ಕೆಲಸ ಅಡಗಿದೆ, ಅದನ್ನು ಮಾಡಿದ್ದು ಯಾರು, ಅಥವಾ ಯಾವುದು? ಇನ್‌ಸ್ಪೆಕ್ಷನ್ ಒಳಗೆ ಇನ್‌ಸ್ಪೆಕ್ಟ್ ಇದೆ, ಮಾಡಿದ್ದು ನೀವು. ನಾನ್-ಫಂಕ್ಷನಿಂಗ್ ಅಂದರೆ ಕೆಟ್ಟು ನಿಂತದ್ದು, ನಿಂತದ್ದು ಮೋಟರ್. ಫೇಲ್ಯೂರ್ ಆಫ್ ಸಪ್ಲೈ ಅಂದರೆ ನೀರು ಏರುತ್ತಿಲ್ಲ. ಉತ್ತರಗಳನ್ನು ಸಾಲಾಗಿ ಇಟ್ಟರೆ ವಾಕ್ಯ ತಾನಾಗಿ ಬರುತ್ತದೆ:

"ವಿ ಇನ್‌ಸ್ಪೆಕ್ಟೆಡ್ ದಿ ಪಂಪ್ ಹೌಸ್ ಆನ್ ಮಂಡೇ. ದಿ ಸೆಕೆಂಡ್ ಮೋಟರ್ ಹ್ಯಾಸ್ ಸ್ಟಾಪ್ಡ್ ವರ್ಕಿಂಗ್, ಸೋ ನೋ ವಾಟರ್ ರೀಚಸ್ ದಿ ಓವರ್‌ಹೆಡ್ ಟ್ಯಾಂಕ್. ಪ್ಲೀಸ್ ರೀಪ್ಲೇಸ್ ದಿ ಮೋಟರ್."

41 ಪದ ಇದ್ದದ್ದು 24ಕ್ಕೆ ಇಳಿಯಿತು, ಅದೂ ಸೋಮವಾರ ಅಂತ ಹೊಸದಾಗಿ ಸೇರಿಸಿದ ಮೇಲೆ. "ದಿ ಸೇಮ್" ಅನ್ನು ಮಾತ್ರ ದಯವಿಟ್ಟು ಬಿಟ್ಟೇಬಿಡಿ. ವಸ್ತುವಿನ ಹೆಸರನ್ನೇ ಎರಡನೇ ಸಲ ಬರೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ.

"ಸರ್ಕಾರಿ ಇಂಗ್ಲಿಷ್ ಗಟ್ಟಿಯಾಗಿಯೇ ಇರಬೇಕಲ್ವಾ?" ಅಂತಲೂ ಪತ್ರದ ಕೊನೆಗೆ ಕೇಳಿದ್ದೀರಿ. ಇರಬೇಕಿಲ್ಲ. ಸರಳ ಇಂಗ್ಲಿಷಿಗಾಗಿ ಬ್ರಿಟನ್ನಿನಲ್ಲಿ 1979ರಿಂದಲೇ ಚಳವಳಿ ನಡೆದಿದೆ. ಸರ್ಕಾರಿ ಕಚೇರಿಗಳು ಜನರಿಗೆ ಅರ್ಥವಾಗುವಂತೆ ಬರೆಯಬೇಕು ಅಂತ ಅಮೆರಿಕ 2010ರಲ್ಲಿ ಕಾನೂನನ್ನೇ ಮಾಡಿತು. ನಮ್ಮ ಸುಪ್ರೀಂ ಕೋರ್ಟು 2017ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ತೀರ್ಪೊಂದನ್ನು ರದ್ದು ಮಾಡಿ ಮತ್ತೆ ಬರೆಯಲು ವಾಪಸ್ ಕಳಿಸಿತು. ತಕರಾರು ಇದ್ದದ್ದು ತೀರ್ಪಿನ ಇಂಗ್ಲಿಷಿನ ಬಗ್ಗೆ, ಓದಿದರೆ ಅರ್ಥವೇ ಆಗುವುದಿಲ್ಲ ಅಂತ. ಅದು ಬಾಡಿಗೆದಾರ ಮತ್ತು ಮನೆ ಮಾಲೀಕರ ವ್ಯಾಜ್ಯ. ಪಾಪ, ವರ್ಷಗಟ್ಟಲೆ ಕಾದವರು ಭಾಷೆಯ ದೆಸೆಯಿಂದ ಇನ್ನಷ್ಟು ಕಾಯಬೇಕಾಯಿತು. ನಿಮ್ಮ ಪತ್ರದ ಆ ಕಡೆಯೂ ನೀರಿಗೆ ಕಾಯುವ ಬೀದಿ ಇದೆ.

ಪ್ರಶ್ನೆ: ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬಳಸಲೇಬಾರದು ಅಂತ ನನ್ನ ಲ್ಯಾಪ್‌ಟಾಪಿನ ತಂತ್ರಾಂಶ ಗೆರೆ ಎಳೆಯುತ್ತದೆ. ನನ್ನದು ಮಣ್ಣಿನ ಪರೀಕ್ಷೆಯ ಪ್ರಬಂಧ. ಎಲ್ಲವನ್ನೂ ಬದಲಾಯಿಸಲೇ?
— ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಬೇಡ. "ದಿ ಸ್ಯಾಂಪಲ್ಸ್ ವರ್ ಡ್ರೈಡ್ ಅಂಡ್ ಸೀವ್ಡ್" ಒಳ್ಳೆಯ ವಾಕ್ಯ. ಮಣ್ಣು ಒಣಗಿಸಿದ್ದು ನೀವೋ ನಿಮ್ಮ ಗೆಳೆಯನೋ, ಓದುವವರಿಗೆ ಅದು ಬೇಕಿಲ್ಲ. ಅವರಿಗೆ ಬೇಕಾದ್ದು ಮಣ್ಣಿನ ಕಥೆ. ಚಿತ್ರದುರ್ಗದ ಪತ್ರದಲ್ಲಿ ಮಾಡಿದವರು ಬೇಕಿತ್ತು, ಇಲ್ಲಿ ಬೇಡ, ಅಷ್ಟೇ.

ಯಾವುದರ ಬಗ್ಗೆ ಹೇಳುತ್ತಿದ್ದೀರೋ ಅದು ವಾಕ್ಯದ ಮೊದಲಿಗೆ ಬರಲಿ, ಹೊಸ ಸಂಗತಿ ಕೊನೆಗೆ ಬರಲಿ. ಅದಕ್ಕೆ ಪ್ಯಾಸಿವ್ ಬೇಕಾದರೆ ಧೈರ್ಯವಾಗಿ ಬಳಸಿ. ಆದರೆ ಒಂದು ಕಡೆ ಹುಷಾರಾಗಿರಿ. "ಆಫ್ಟರ್ ವೇಯಿಂಗ್ ದಿ ಸಾಯಿಲ್, ದಿ ಅವನ್ ವಾಸ್ ಸ್ವಿಚ್ಡ್ ಆನ್" ಅಂತ ನಿಮ್ಮ ಮೂರನೇ ಪುಟದಲ್ಲಿದೆ. ಇಂಗ್ಲಿಷಿನವರು ಓದಿದರೆ ಮಣ್ಣನ್ನು ತೂಗಿದ್ದು ಅವನ್, ಅಂದರೆ ಮಣ್ಣು ಒಣಗಿಸುವ ಒಲೆ ಅಂತಾಗುತ್ತದೆ. "ಮಣ್ಣು ತೂಗಿ ಅವನ್ ಹಚ್ಚಲಾಯಿತು" ಅಂದರೆ ನಮಗೆ ಕನ್ನಡದಲ್ಲಿ ಏನೂ ಅನಿಸುವುದಿಲ್ಲ, ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. "ದಿ ಸಾಯಿಲ್ ವಾಸ್ ವೇಯ್ಡ್ ಬಿಫೋರ್ ದಿ ಅವನ್ ವಾಸ್ ಸ್ವಿಚ್ಡ್ ಆನ್" ಅಂತ ಮಾಡಿಕೊಳ್ಳಿ.

ತಂತ್ರಾಂಶ ಎಳೆದ ಗೆರೆಯನ್ನು ಒಂದು ಅನುಮಾನ ಅಂತ ತಿಳಿಯಿರಿ. ನಿರ್ಧಾರ ನಿಮ್ಮದೇ ಇರಲಿ.

ಪ್ರಶ್ನೆ: ಸಣ್ಣ ಸಣ್ಣ ವಾಕ್ಯ ಬರೆಯಲು ಹೇಳುತ್ತೀರಿ. ಬರೆದರೆ ಮೂರನೇ ಕ್ಲಾಸಿನ ಮಕ್ಕಳ ಬರಹದ ಹಾಗೆ ಕಾಣುತ್ತದೆ.
— ಓದುಗರು, ಕುಂದಾಪುರ

ಉತ್ತರ: ಉದ್ದ ತಪ್ಪಲ್ಲ. ಗಂಟು ಬೀಳಬಾರದು, ಅಷ್ಟೇ. ನಿಮ್ಮ ವಾಕ್ಯಗಳು ಸಣ್ಣಗಿರುವುದಕ್ಕೆ ಹಾಗೆ ಕಾಣುತ್ತಿಲ್ಲ, ಒಂದಕ್ಕೊಂದು ಸಂಬಂಧ ಹೇಳದೆ ಬಿಟ್ಟದ್ದಕ್ಕೆ ಕಾಣುತ್ತಿವೆ. "ದಿ ಬಸ್ ವಾಸ್ ಲೇಟ್. ಐ ಮಿಸ್ಡ್ ದಿ ಇಂಟರ್‌ವ್ಯೂ. ದೇ ಗೇವ್ ಮಿ ಅನದರ್ ಡೇಟ್." ಇದನ್ನೇ ಹೀಗೆ ಹೊಲಿಯಿರಿ: "ಐ ಮಿಸ್ಡ್ ದಿ ಇಂಟರ್‌ವ್ಯೂ ಬಿಕಾಸ್ ದಿ ಬಸ್ ವಾಸ್ ಲೇಟ್, ಬಟ್ ದೇ ಗೇವ್ ಮಿ ಅನದರ್ ಡೇಟ್." ಕೊನೆಗೆ ಬಂದ ಮಾತು ಜಾಸ್ತಿ ತೂಗುತ್ತದೆ. ಇನ್ನೊಂದು ದಿನ ಸಿಕ್ಕಿದ ಸಮಾಧಾನ ಹೇಳಬೇಕಿದ್ದರೆ ಈ ಕ್ರಮ ಸರಿ. ಬಸ್ಸಿನ ಮೇಲೆ ದೂರು ಕೊಡುವ ಪತ್ರವಾದರೆ ಬಸ್ಸನ್ನೇ ಕೊನೆಗೆ ತನ್ನಿ.