ಬೆಲ್ಟ್ ಕೊಟ್ಟರು, ಕೊಕ್ಕೆ ಎಲ್ಲಿಗೆ ಹಾಕಲಿ?

ಪ್ರಶ್ನೆ: ನನಗೆ 22 ವರ್ಷ. ನಿಟ್ಟುವಳ್ಳಿ ಹತ್ತಿರ ಮೂರಂತಸ್ತಿನ ಕಟ್ಟಡದ ಹೊರಗೋಡೆ ಪ್ಲಾಸ್ಟರಿಂಗ್‌ಗೆ ಹೋಗುತ್ತಿದ್ದೇನೆ. ಬಿದ್ದರೆ ಹಿಡಿಯುವ ಸೇಫ್ಟಿ ಬೆಲ್ಟ್ ಕೊಟ್ಟಿದ್ದಾರೆ, ಹೇಗೆ ಬಳಸಬೇಕು ಅಂತ ಯಾರೂ ಹೇಳಿಲ್ಲ. ಎಲ್ಲರೂ ಸಾರುವೆ ಬೊಂಬಿಗೇ ಕೊಕ್ಕೆ ಹಾಕುತ್ತಾರೆ. ಸರೀನಾ ಮೇಸ್ತ್ರಿಗಳೇ?
– ಓದುಗ, ದಾವಣಗೆರೆ

ಉತ್ತರ: ಸರಿಯಲ್ಲ ತಮ್ಮಾ. ನಾನೂ ಹಾಗೇ ಹಾಕಿ ಬಿದ್ದವನು. ವಿದ್ಯಾನಗರದಲ್ಲಿ ಒಂದು ಮನೆ ಕೆಲಸ. ಹಿಂದಿನ ದಿನ ಮಳೆ ಬಂದು ಅಡ್ಡ ಬೊಂಬಿನ ಹಗ್ಗ ಸಡಿಲವಾಗಿತ್ತು. ಕಾಲಿಟ್ಟೆ, ಗಂಟು ಜಾರಿತು. ಬೊಂಬು, ಕೊಕ್ಕೆ, ನಾನು, ಮೂರೂ ಒಟ್ಟಿಗೇ ಮರಳಿನ ರಾಶಿ ಮೇಲೆ! ಜಲ್ಲಿ ರಾಶಿ ಆಗಿದ್ದರೆ ಈ ಉತ್ತರ ಬೇರೆ ಯಾರೋ ಬರೆಯುತ್ತಿದ್ದರು. ಎಡಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗುವುದಿಲ್ಲ.

ನಿಂತ ಸಾರುವೆಯೇ ಕುಸಿದರೆ ಅದಕ್ಕೆ ಹಾಕಿದ ಕೊಕ್ಕೆ ಏನು ಹಿಡಿಯುತ್ತದೆ, ಹೇಳು? ಕೊಕ್ಕೆ ಕಟ್ಟಡಕ್ಕೆ ಇರಬೇಕು. ಮೇಲಿನ ಮಹಡಿಯ ಗಟ್ಟಿ ಪಿಲ್ಲರ್‌ಗೆ ಕಟ್ಟಿ ಇಳಿಬಿಟ್ಟ ಲೈಫ್‌ಲೈನ್ ಹಗ್ಗ ಕೇಳು. ಅದರ ಮೇಲೆ ಜಾರಿ, ಜಗ್ಗಿದಾಗ ಕಚ್ಚಿಕೊಳ್ಳುವ ಕ್ಲಿಪ್ಪೂ ಬೇಕು. ನಿನ್ನ ಕೊಕ್ಕೆ ಆ ಕ್ಲಿಪ್ಪಿಗೆ ಹಾಕು. ಕಿಟಕಿ ಗ್ರಿಲ್ಲು, ನೀರಿನ ಪೈಪು ಇವೆಲ್ಲ ಬೇಡ.

ಇನ್ನೊಂದು ಲೆಕ್ಕ ಇದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ಬೆಲ್ಟಿನ ಹಗ್ಗ ಸುಮಾರು 6 ಅಡಿ. ಆ ಹಗ್ಗ ಸಿಕ್ಕಿಸುವ ಬೆನ್ನಿನ ರಿಂಗ್ ಪಾದದಿಂದ ಹೆಚ್ಚುಕಮ್ಮಿ 5 ಅಡಿ ಮೇಲಿರುತ್ತದೆ. ಕೊಕ್ಕೆ ಕಾಲ ಬುಡದಲ್ಲಿ ಹಾಕಿದೆ ಅಂದುಕೋ. ಬಿದ್ದರೆ ಮೊದಲು ಆ 5 ಅಡಿ, ಆಮೇಲೆ ಹಗ್ಗದ 6 ಅಡಿ. 11 ಅಡಿ ಹೋದ ಮೇಲೆ ಬೆಲ್ಟ್ ಬಿಗಿಯುತ್ತದೆ. ಒಂದು ಮಹಡಿ ಇರೋದೇ 10 ಅಡಿ! ಕೊಕ್ಕೆ ತಲೆಗಿಂತ ಮೇಲಿದ್ದರೆ ಬೀಳುವುದು ಅದರ ಅರ್ಧಕ್ಕಿಂತ ಕಡಿಮೆ.

ಕೊಟ್ಟಿರುವುದು ಸೊಂಟದ ಪಟ್ಟಿ ಮಾತ್ರವೇ? ಹಾಗಿದ್ದರೆ ವಾಪಸ್ ಕೊಡು. ಬಿದ್ದಾಗ ಇಡೀ ಜಗ್ಗು ಹೊಟ್ಟೆ, ಬೆನ್ನುಮೂಳೆ ಮೇಲೆ ಬೀಳುತ್ತದೆ. ಭುಜ, ತೊಡೆ ಎರಡಕ್ಕೂ ಪಟ್ಟಿ ಇರುವುದೇ ಬೇಕು. ಎರಡು ಕೊಕ್ಕೆ ಇದ್ದರೆ ಇನ್ನೂ ಒಳ್ಳೆಯದು. ಜಾಗ ಬದಲಿಸುವಾಗ ಒಂದನ್ನು ಹಾಕಿಯೇ ಇನ್ನೊಂದನ್ನು ಬಿಚ್ಚಬಹುದು.

ಬೆಳಿಗ್ಗೆ ಹತ್ತುವ ಮುಂಚೆ ಸಾರುವೆ ಗಂಟುಗಳನ್ನು ಕೈಯಿಂದ ಎಳೆದು ನೋಡು. ಸುಮ್ನೆ ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ಲ.

ಅಂದಹಾಗೆ, ಕಾರ್ಮಿಕ ಕಾರ್ಡ್ ಮಾಡಿಸಿದ್ದೀಯಾ? ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ನಾನು ಬಿದ್ದಾಗ ನನ್ನ ಹತ್ತಿರ ಇರಲಿಲ್ಲ. ಆಸ್ಪತ್ರೆ ಖರ್ಚಿಗೆ ಹೆಂಡತಿ ಓಲೆ ಅಡ ಇಟ್ಟಳು.