ಓದುಗರ ಪ್ರಶ್ನೆ: ಗಣಿತದ 6, ಜೀವರಸಾಯನದ 24

ಪ್ರಶ್ನೆ: ನನ್ನ ಮಗಳು ಗಣಿತದಲ್ಲಿ, ಸೋದರಳಿಯ ಜೀವರಸಾಯನಶಾಸ್ತ್ರದಲ್ಲಿ ಒಂದೇ ವರ್ಷ ಪಿಎಚ್.ಡಿ. ಪಡೆದವರು. ಸಂಶೋಧನಾ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್ ತಾಣದ ಪ್ರಕಾರ ಅವಳ ಎಚ್-ಇಂಡೆಕ್ಸ್ 6, ಅವನದು 24. ಮಗಳು ಹಿಂದೆ ಬಿದ್ದಳೆಂದು ನೆಂಟರಿಷ್ಟರು ಹೇಳುತ್ತಾರೆ, ಇದು ಸರಿಯೇ? ಕನ್ನಡ ಅಧ್ಯಾಪಕನಾಗಿ ನಿವೃತ್ತನಾದ ನನ್ನ ಲೇಖನಗಳು ಅಲ್ಲಿ ಕಾಣುವುದೇ ಇಲ್ಲ, ಏಕೆ?
— ಒಬ್ಬ ಓದುಗರು, ಧಾರವಾಡ

ಉತ್ತರ: ಸರಿಯಲ್ಲ. ಎಚ್-ಇಂಡೆಕ್ಸ್ ಎಂಬ ಸೂಚ್ಯಂಕವು ಒಬ್ಬರ ಲೇಖನಗಳನ್ನು ಇತರ ಲೇಖನಗಳು ಎಷ್ಟು ಬಾರಿ ಉಲ್ಲೇಖಿಸಿವೆ ಎಂಬುದನ್ನು ಆಧರಿಸಿದ್ದು. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಈ ಲೆಕ್ಕದ ಪ್ರಕಾರ, ತಲಾ 6 ಬಾರಿಯಾದರೂ ಉಲ್ಲೇಖಗೊಂಡ 6 ಲೇಖನಗಳಿದ್ದು, ತಲಾ 7 ಬಾರಿಯಾದರೂ ಉಲ್ಲೇಖಗೊಂಡ 7 ಲೇಖನಗಳು ಇಲ್ಲದಿದ್ದರೆ ಸೂಚ್ಯಂಕ 6. ಆ ಆರರಲ್ಲೊಂದು ಸಾವಿರ ಬಾರಿ ಉಲ್ಲೇಖಗೊಂಡರೂ ಅಂಕಿ ಕದಲುವುದಿಲ್ಲ. ಜೀವವಿಜ್ಞಾನಿಗಳ ಸೂಚ್ಯಂಕ ಭೌತವಿಜ್ಞಾನಿಗಳದಕ್ಕಿಂತ ಹೆಚ್ಚಿರುತ್ತದೆಂದು ಹಿರ್ಷ್ ಅವರೇ ಈ ಲೆಕ್ಕವನ್ನು ಸೂಚಿಸಿದ ಲೇಖನದಲ್ಲಿ ಹೇಳಿದ್ದರು. ಸೂಚ್ಯಂಕವನ್ನು ಬಳಸುವವರು ಆ ಭಾಗವನ್ನು ಓದಿದಂತೆ ಕಾಣುವುದಿಲ್ಲ.

ಜೀವರಸಾಯನದಲ್ಲಿ ಸಂಶೋಧಕರ ಸಂಖ್ಯೆ ದೊಡ್ಡದು, ಒಂದು ಲೇಖನಕ್ಕೆ ಹಲವರು ಲೇಖಕರು, ಪ್ರತಿ ಲೇಖನದ ಕೊನೆಯ ಉಲ್ಲೇಖಪಟ್ಟಿಯೂ ಉದ್ದ. ಹೀಗಾಗಿ ಹಂಚಿಕೆಯಾಗುವ ಒಟ್ಟು ಉಲ್ಲೇಖಗಳೇ ಅಲ್ಲಿ ಹೆಚ್ಚು. ಗಣಿತದಲ್ಲಿ ಒಬ್ಬರೋ ಇಬ್ಬರೋ ಸೇರಿ ಬರೆಯುವುದೇ ವಾಡಿಕೆ. ಲೇಖನವು ಜರ್ನಲ್‌ನ ಪರಿಶೀಲನೆ ದಾಟಲು ವರ್ಷ ಹಿಡಿಯುವುದುಂಟು, ಅದನ್ನು ಇತರರು ಬಳಸತೊಡಗುವುದು ಇನ್ನೂ ತಡವಾಗಿ. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ವಿವರಿಸಿ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದ ಲೇಖನಕ್ಕೆ 3 ಲಕ್ಷಕ್ಕೂ ಮಿಕ್ಕಿ ಉಲ್ಲೇಖಗಳಿವೆ, ಏಕೆಂದರೆ ಆ ವಿಧಾನವನ್ನು ಬಳಸಿದ ಪ್ರಯೋಗಾಲಯಗಳೆಲ್ಲ ಅದನ್ನು ಹೆಸರಿಸಿದವು. ಇತ್ತ ಗಣಿತದ ಹೆಸರಾಂತ ಸಮಸ್ಯೆಯಾಗಿದ್ದ ಪೊಂಕಾರೆಯ ಊಹೆಯನ್ನು ಸಾಧಿಸಿದ ಗ್ರಿಗೊರಿ ಪೆರೆಲ್ಮಾನ್, 2002 ಮತ್ತು 2003ರಲ್ಲಿ ಮೂರು ಲೇಖನಗಳನ್ನು ಸಂಶೋಧಕರು ಲೇಖನಗಳನ್ನು ತಾವೇ ಮುಕ್ತವಾಗಿ ಹಂಚಿಕೊಳ್ಳುವ ಆರ್ಕೈವ್ (arXiv) ತಾಣದಲ್ಲಿ ಇರಿಸಿದರೇ ಹೊರತು ಯಾವ ಜರ್ನಲ್‌ಗೂ ಕಳುಹಿಸಲಿಲ್ಲ. 2006ರಲ್ಲಿ ಘೋಷಿತವಾದ, ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕವನ್ನೂ ಒಲ್ಲೆನೆಂದರು. ಆ ಮೂರು ಲೇಖನಗಳು ಎಷ್ಟೇ ಉಲ್ಲೇಖಗೊಂಡರೂ ಸೂಚ್ಯಂಕಕ್ಕೆ ಅವುಗಳಿಂದ ಸಿಗುವುದು ಮೂರೇ.

ಹೋಲಿಸಲೇಬೇಕೆಂದರೆ, ಒಂದು ಲೇಖನದ ಉಲ್ಲೇಖಗಳನ್ನು ಅದೇ ಕ್ಷೇತ್ರದ, ಅದೇ ವರ್ಷದ, ಅದೇ ಬಗೆಯ ಲೇಖನಗಳ ಸರಾಸರಿಯಿಂದ ಭಾಗಿಸುವ ಕ್ರಮವಿದೆ. ಭಾಗಲಬ್ಧ 1 ಬಂದರೆ ಜಾಗತಿಕ ಸರಾಸರಿಗೆ ಸಮ. ಇದೂ ದೋಷಮುಕ್ತವಲ್ಲ, ಕ್ಷೇತ್ರದ ಗಡಿಯನ್ನು ಎಲ್ಲಿ ಎಳೆಯುತ್ತೇವೆಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಆದರೂ ನೆಂಟರ ಲೆಕ್ಕಕ್ಕಿಂತ ಮೇಲು.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಯೂಜಿನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ, ಯಾವ ಲೇಖನವನ್ನು ಯಾವುವು ಉಲ್ಲೇಖಿಸಿವೆ ಎಂದು ಪಟ್ಟಿ ಮಾಡುವ ಉಲ್ಲೇಖ ಸೂಚಿ ವಿಜ್ಞಾನದ ಜರ್ನಲ್‌ಗಳಿಗಾಗಿ ರೂಪುಗೊಂಡದ್ದು. ಅದರ ಉತ್ತರಾಧಿಕಾರಿಯಾದ ವೆಬ್ ಆಫ್ ಸೈನ್ಸ್‌ನಲ್ಲೂ ಅಂಥದೇ ಇನ್ನೊಂದು ಸೂಚಿಯಾದ ಸ್ಕೋಪಸ್‌ನಲ್ಲೂ ಇಂಗ್ಲಿಷಿನದೇ ಸಿಂಹಪಾಲು. ಕನ್ನಡ ಸಂಶೋಧನೆ ಬಹುಪಾಲು ಬೆಳಕು ಕಂಡದ್ದು ಪುಸ್ತಕಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ವಿಶ್ವವಿದ್ಯಾಲಯಗಳ ಪತ್ರಿಕೆಗಳಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಶಾಸನಗಳ ಬಗ್ಗೆ ಬರೆದವರು ಅಡಿಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಹೆಸರಿಸಿದ್ದಾರೆ; ಯಂತ್ರ ಓದದ ಮುದ್ರಿತ ಪುಟಗಳಲ್ಲಿರುವ ಅಂಥ ಉಲ್ಲೇಖಗಳು ಈ ಲೆಕ್ಕಗಳಿಗೆ ಸೇರುವುದಿಲ್ಲ. ಗೂಗಲ್ ಸ್ಕಾಲರ್ ಪುಸ್ತಕ, ಮಹಾಪ್ರಬಂಧಗಳನ್ನೂ ಎಣಿಸುವುದರಿಂದ ಅದರ ಜಾಲ ಅಗಲವಾದದ್ದು. ಆದರೆ ಜಾಲತಾಣಕ್ಕೆ ಬಾರದ ಬರಹ ಅದಕ್ಕೂ ಕಾಣದು. ಹಾಗಾಗಿ ನಿಮ್ಮ ಹೆಸರು ಅಲ್ಲಿ ಸಿಗದಿರುವುದು ನಿಮ್ಮ ಕೆಲಸದ ಕುರಿತು ಏನನ್ನೂ ಹೇಳುವುದಿಲ್ಲ.

ಮಗಳು ಹುದ್ದೆಗೆ ಅರ್ಜಿ ಹಾಕುವಾಗ ಎಚ್-ಇಂಡೆಕ್ಸನ್ನು ಕೇಳಿದರೆ ಬರೆಯಲಿ. ಜೊತೆಗೆ ಗಣಿತಕ್ಕೆಂದೇ ಇರುವ ಮಾಹಿತಿಕೋಶವಾದ ಮ್ಯಾತ್‌ಸೈನೆಟ್‌ನ ಉಲ್ಲೇಖ ಸಂಖ್ಯೆಯನ್ನೂ ತನ್ನ ಎರಡು ಮೂರು ಮುಖ್ಯ ಪ್ರಮೇಯಗಳನ್ನು ಯಾರು, ಯಾವುದಕ್ಕೆ ಬಳಸಿದ್ದಾರೆಂಬ ಒಂದು ಪುಟದ ಟಿಪ್ಪಣಿಯನ್ನೂ ಲಗತ್ತಿಸಲಿ.