ಎಂ.ಎ. ಪ್ರಬಂಧದಿಂದ ರೈಟಿಂಗ್ ಸ್ಯಾಂಪಲ್ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ರಾಯಚೂರಿನಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದೀರಿ, ಅಮೆರಿಕದಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುತ್ತಿದ್ದೀರಿ. ಕೈಯಲ್ಲಿರುವುದು ನಮ್ಮ ಭಾಗದ ಅಶೋಕನ ಶಾಸನಗಳ ಮೇಲೆ ಕನ್ನಡದಲ್ಲಿ ಬರೆದ ನೂರು ಪುಟದ ಪ್ರಬಂಧ. ಅಲ್ಲಿನ ವಿಶ್ವವಿದ್ಯಾಲಯಗಳು ಕೇಳುತ್ತಿರುವ ರೈಟಿಂಗ್ ಸ್ಯಾಂಪಲ್, ಅಂದರೆ ನಿಮ್ಮ ಸಂಶೋಧನಾ ಬರವಣಿಗೆಯ ಮಾದರಿ, ಇಂಗ್ಲಿಷಿನ 20–25 ಪುಟ. ಇಡೀ ಪ್ರಬಂಧವನ್ನು ಇಂಗ್ಲಿಷಿಗೆ ಮಾಡಿಸಿ ಮೊಟಕುಗೊಳಿಸಲೇ ಎಂದು ಕೇಳಿದ್ದೀರಿ.

ದಯವಿಟ್ಟು ಬೇಡ. ನಾನು ಕೊಪ್ಪಳದವನು, ಇದೇ ದಾರಿಯಲ್ಲಿ ಬಂದವನು. ನಮ್ಮ ಕಡೆಯ ಪ್ರಬಂಧಗಳ ಅಚ್ಚು ನಿಮಗೂ ಗೊತ್ತು: ಜಿಲ್ಲೆಯ ಭೌಗೋಳಿಕ ಹಿನ್ನೆಲೆ, ರಾಜಮನೆತನಗಳು, ಶಾಸನಗಳ ಪರಿಚಯ, ಉಪಸಂಹಾರ. ಅದನ್ನು ಮೊಟಕು ಮಾಡಿದರೆ ಜಿಲ್ಲೆಯ ಮಾಹಿತಿ ತುಂಬಿದ ಸರ್ಕಾರಿ ಗೆಜೆಟಿಯರ್‌ನ ಸಾರಾಂಶ ಸಿಗುತ್ತದೆ, ಅಷ್ಟೇ. ಆಯ್ಕೆ ಸಮಿತಿಯವರಿಗೆ ನಿಮಗೆಷ್ಟು ಗೊತ್ತು ಅನ್ನುವುದಕ್ಕಿಂತ, ಒಂದು ಪ್ರಶ್ನೆ ಹಿಡಿದು ಆಧಾರಗಳ ಜೊತೆ ಹೇಗೆ ಗುದ್ದಾಡುತ್ತೀರಿ ಅನ್ನುವುದು ಬೇಕು.

ಉದಾಹರಣೆಗೆ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ ಪತ್ತೆ ಹಚ್ಚಿದ, ಅದರಲ್ಲಿ ಅಶೋಕ ಎಂಬ ಹೆಸರೇ ಇದೆ. ಇದು ಮಾಹಿತಿ, ಎರಡು ಸಾಲು ಸಾಕು. ಆದರೆ ಮೌರ್ಯರು ಇಲ್ಲಿಗೆ ಬಂದದ್ದು ಚಿನ್ನಕ್ಕಾಗಿ ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ಬಂದಿದೆಯಲ್ಲ, ಅದನ್ನು ಹಿಡಿಯಿರಿ. ಹಟ್ಟಿ ಚಿನ್ನದ ಗಣಿ ಹತ್ತಿರ ಇರುವುದರಿಂದ ಮಸ್ಕಿಗೆ ಅದು ಒಪ್ಪಬಹುದು. ಅಶೋಕನ ಶಾಸನಗಳೇ ಇರುವ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಿಗೆ? ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಕ್ಕೆ? 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆದಾಗ ಶಾಸನಕ್ಕಿಂತ ಹಳೆಯ ವಸತಿಯ ಪದರಗಳು ಸಿಕ್ಕಿವೆ. ಹಾಗಾದರೆ ಮೊದಲೇ ಜನ ನೆಲೆಸಿದ್ದ ಜಾಗ ನೋಡಿ ಬರೆಸಿದರೋ? ನೀವು ಯಾವ ಉತ್ತರ ಕೊಟ್ಟರೂ ನಡೆಯುತ್ತದೆ, ಎದುರಾಳಿಯ ವಾದಕ್ಕೂ ನ್ಯಾಯ ಸಿಗಬೇಕು.

ಅಡಿಟಿಪ್ಪಣಿಗಳನ್ನು ಒಂದೊಂದಾಗಿ ತಿರುವಿ ಹಾಕಿ. ಶಾಸನತಜ್ಞ ಹುಲ್ಟ್ಶ್ ಸಂಪಾದಿಸಿದ ಅಶೋಕನ ಶಾಸನಗಳ ಸಂಪುಟ ಬಂದದ್ದು 1925ರಲ್ಲಿ, ಕೊಪ್ಪಳದ ಎರಡೂ ಶಾಸನ ಸಿಕ್ಕಿದ್ದು 1931ರಲ್ಲಿ. ಕೊಪ್ಪಳದ ಶಾಸನಪಾಠಕ್ಕೂ ಹುಲ್ಟ್ಶ್ ಹೆಸರು ಹಾಕಿದ್ದರೆ, ಎಲ್ಲಿಂದಲೋ ಎತ್ತಿದ್ದು ಎಂದು ಬಲ್ಲವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಅದಕ್ಕೆ ಭಾಷಾವಿದ್ವಾಂಸ ಟರ್ನರ್ 1932ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದ್ದನ್ನು ನೋಡಬೇಕು. ‘ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ’ ಎಂದು ಬರೆದಲ್ಲೆಲ್ಲ ಯಾರು, ಯಾವ ಪುಟದಲ್ಲಿ ಎಂದು ಹಾಕಿ, ಸಿಗದಿದ್ದರೆ ಆ ವಾಕ್ಯವನ್ನೇ ಹೊಡೆದುಹಾಕಿ. (ನಮ್ಮ ಪ್ರಬಂಧಗಳು ಇದರಿಂದಲೇ ಕಾಲುಭಾಗ ತೆಳ್ಳಗಾಗುತ್ತವೆ ಅನ್ನುವುದು ನನ್ನ ಗುಮಾನಿ.)

ಇನ್ನು ಭಾಷೆ. ಕನ್ನಡದ ಅಧ್ಯಾಯವನ್ನು ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಅನುವಾದಿಸಬೇಡಿ, ಯಂತ್ರಕ್ಕಂತೂ ಕೊಡಲೇಬೇಡಿ. ಮುಚ್ಚಿಟ್ಟು, ವಾದವನ್ನಷ್ಟೇ ನೆನಪಿಟ್ಟುಕೊಂಡು ಇಂಗ್ಲಿಷಿನಲ್ಲೇ ಹೊಸದಾಗಿ ಬರೆಯಿರಿ. ವಾಕ್ಯ ಚಿಕ್ಕದಿದ್ದರೆ ಅವಮಾನವೇನಿಲ್ಲ. ಕನ್ನಡದ ಆಕರಗಳನ್ನು ಮಾತ್ರ ಬಿಡಬೇಡಿ. ಅವನ್ನು ಮೂಲದಲ್ಲೇ ಓದಬಲ್ಲಿರಿ ಅನ್ನುವುದೇ ಬೇರೆ ಅರ್ಜಿದಾರರ ಎದುರು ನಿಮ್ಮ ಬಲ.

ಮೊದಲ ಪುಟದ ಮೇಲೆ ನಾಲ್ಕು ಸಾಲಿನ ಟಿಪ್ಪಣಿ ಇರಲಿ: ಇದು ಕನ್ನಡದಲ್ಲಿ ಬರೆದ ಎಂ.ಎ. ಪ್ರಬಂಧದ ಒಂದು ಭಾಗ, ಇಂಗ್ಲಿಷಿನಲ್ಲಿ ಪರಿಷ್ಕರಿಸಿದ್ದು ಎಂದು. ಪುಟಮಿತಿ ಪ್ರತಿ ವಿಭಾಗಕ್ಕೂ ಬೇರೆ, ಅಡಿಟಿಪ್ಪಣಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದೂ ಬೇರೆ. ಅವರವರ ಜಾಲತಾಣದಲ್ಲೇ ನೋಡಿ. ಬಹುತೇಕ ಕಡೆ ಕೊನೆಯ ದಿನಾಂಕ ಡಿಸೆಂಬರ್‌ನಲ್ಲಿ ಬೀಳುತ್ತದೆ. ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ಅಕ್ಟೋಬರ್‌ನಲ್ಲೇ ಈ ಕರಡು ತಲುಪಿಸಿ, ಪತ್ರದಲ್ಲಿ ‘ಶ್ರದ್ಧಾವಂತ ವಿದ್ಯಾರ್ಥಿ’ ಅನ್ನುವುದರ ಜೊತೆಗೆ ನಿಮ್ಮ ವಾದದ ಬಗ್ಗೆಯೂ ಅವರು ಒಂದೆರಡು ಮಾತು ಬರೆಯಲು ಆಗುತ್ತದೆ.